ಸೆಟ್ಟಿಂಗ್ಸ್‌ನ ಮೂಲೆಯಲ್ಲೊಂದು ತಾರೀಖು

ಕಳೆದ ದೀಪಾವಳಿಗೆ ತಿಪಟೂರಿಗೆ ಹೋಗಿದ್ದೆ. ಊಟ ಮುಗಿದು ಎಲೆಅಡಿಕೆ ತಟ್ಟೆ ಬರುವ ಹೊತ್ತಿಗೆ ಭಾವ ತಮ್ಮ ಫೋನನ್ನು ನನ್ನ ಮುಂದಿಟ್ಟರು. "ನೀನು ಇದೇ ಕೆಲಸ ಮಾಡ್ತಿದ್ದೋನಲ್ವಾ, ಸ್ವಲ್ಪ ನೋಡಪ್ಪ. ಹುಡುಗನ ಫೋನಿಗೆ ತಿಂಗಳು ತಿಂಗಳೂ ಅಪ್‌ಡೇಟ್ ಬರುತ್ತೆ. ನಂದೂ ಅದೇ ಕಂಪನಿದು, ಏನೂ ಬರಲ್ಲ."

ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟು ಸೆಟ್ಟಿಂಗ್ಸ್ ತೆರೆದೆ. 'ಅಬೌಟ್ ಫೋನ್' ಒಳಗೆ, ಆಂಡ್ರಾಯ್ಡ್ ಆವೃತ್ತಿಯ ಕೆಳಗೆ, ಯಾರೂ ನೋಡದ ಒಂದು ಸಾಲಿದೆ: ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು. ಹುಡುಗನ ಫೋನಿನಲ್ಲಿ ಸೆಪ್ಟೆಂಬರ್ 1, ಭಾವನ ಫೋನಿನಲ್ಲಿ ಮಾರ್ಚ್ 1. ಒಂದರ ಬೆಲೆ ಮೂವತ್ತು ಸಾವಿರ, ಇನ್ನೊಂದರದು ಒಂಬತ್ತು ಸಾವಿರ. ಕೊಬ್ಬರಿ ವ್ಯಾಪಾರದ ದುಡ್ಡೆಲ್ಲ ಓಡಾಡುವುದು ಮಾತ್ರ ಆ ಒಂಬತ್ತು ಸಾವಿರದ ಫೋನಿನಲ್ಲೇ.

ಈ ತಾರೀಖಿಗೆ ಹತ್ತು ವರ್ಷದ ಇತಿಹಾಸವಿದೆ. 2015ರ ಜುಲೈನಲ್ಲಿ 'ಸ್ಟೇಜ್‌ಫ್ರೈಟ್' ಎಂಬ ದೋಷ ಬಯಲಾಯಿತು. ಒಂದು ಎಂಎಂಎಸ್ ಕಳಿಸಿದರೆ ಸಾಕು, ಅದನ್ನು ತೆರೆಯುವ ಮೊದಲೇ ಫೋನಿನೊಳಗೆ ನುಗ್ಗಬಹುದಾಗಿತ್ತು. ಅಲ್ಲಿಯವರೆಗೆ ದುರಸ್ತಿಗೆ ನಿಗದಿತ ದಿನವೆಂಬುದೇ ಇರಲಿಲ್ಲ. ಮರುತಿಂಗಳಿಂದಲೇ ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸತೊಡಗಿತು. ತಾರೀಖು 1 ಎಂದಿದ್ದರೆ ಆಂಡ್ರಾಯ್ಡ್‌ನ ಮೂಲ ಭಾಗಕ್ಕೆ ತೇಪೆ, ಅಂದರೆ ದೋಷ ಮುಚ್ಚುವ ಪ್ಯಾಚ್, ಬಿದ್ದಿದೆ ಎಂದರ್ಥ. 5 ಎಂದಿದ್ದರೆ ಕರ್ನಲ್ (ಹಾರ್ಡ್‌ವೇರನ್ನು ನಿಭಾಯಿಸುವ ಒಳತಿರುಳು) ಮತ್ತು ಚಿಪ್ ಕಂಪನಿಗಳ ಡ್ರೈವರುಗಳ (ಒಂದೊಂದು ಬಿಡಿಭಾಗವನ್ನು ನಡೆಸುವ ಕೋಡ್) ತೇಪೆಯೂ ಸೇರಿದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಆಫೀಸಿನಲ್ಲಿ ಈ ತೇಪೆ ಹಚ್ಚುವ ತಂಡದಲ್ಲಿ ನಾನು ಆರು ವರ್ಷ ಕೆಲಸ ಮಾಡಿದ್ದೇನೆ. ಹೊರಗಿನವರು "ಗೂಗಲ್ ಕೊಟ್ಟಾಯ್ತಲ್ಲ, ಇವರು ಕಳಿಸೋಕೇನು ಧಾಡಿ" ಎಂದು ಕೇಳುತ್ತಾರೆ. ಸೋಮಾರಿತನ ಇಲ್ಲವೆಂದಲ್ಲ, ಆದರೆ ಅದಕ್ಕಿಂತ ದೊಡ್ಡದು ಲೆಕ್ಕ. ಪ್ರಕಟಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ ದೋಷಗಳ ವಿವರ ಫೋನ್ ಕಂಪನಿಗಳ ಕೈಗೆ ಬಂದಿರುತ್ತದೆ. ಒಂದೇ ಫೋನಾಗಿದ್ದರೆ ಅಷ್ಟು ಸಮಯ ಧಾರಾಳ. ಆದರೆ ಒಂದು ಕಂಪನಿಯ ಹೆಸರಿನಲ್ಲಿ ಓಡುತ್ತಿರುವ ಮಾಡೆಲ್‌ಗಳು ಡಜನ್‌ಗಟ್ಟಲೆ. ಕೆಲವಕ್ಕೆ ಕ್ವಾಲ್‌ಕಾಮ್ ಚಿಪ್, ಕೆಲವಕ್ಕೆ ಮೀಡಿಯಾಟೆಕ್, ತೀರಾ ಅಗ್ಗದವಕ್ಕೆ ಯೂನಿಸಾಕ್. ಒಂದೊಂದರ ಕರ್ನಲ್ ಒಂದೊಂದು ಕಾಲದ್ದು. ಹೊಸ ಕರ್ನಲ್‌ಗೆ ಬರೆದ ತೇಪೆ ನಾಲ್ಕು ವರ್ಷ ಹಳೆಯ ಕರ್ನಲ್‌ಗೆ ಹಾಗೇ ಕೂರುವುದಿಲ್ಲ. ಸುತ್ತಲಿನ ಕೋಡ್ ಬದಲಾಗಿರುತ್ತದೆ, ಕೈಯಿಂದಲೇ ಹೊಂದಿಸಬೇಕು. ಇದರ ಮೇಲೆ ಪ್ರತಿ ಮಾಡೆಲ್‌ಗೂ ಭಾರತದ ಆವೃತ್ತಿ, ಯುರೋಪಿನ ಆವೃತ್ತಿ, ಲ್ಯಾಟಿನ್ ಅಮೆರಿಕದ ಆವೃತ್ತಿ ಎಂದು ಕವಲುಗಳು.

ಹೊಂದಿಸಿದ ಮೇಲೆ ಪರೀಕ್ಷೆ. ಗೂಗಲ್‌ನ ಸಿಟಿಎಸ್ (ಹೊಂದಾಣಿಕೆಯ ಪರೀಕ್ಷೆ), ಎಸ್‌ಟಿಎಸ್ (ಭದ್ರತೆಯ ಪರೀಕ್ಷೆ) ಪಾಸಾಗದೆ ಬಿಲ್ಡ್, ಅಂದರೆ ತಯಾರಾದ ಸಾಫ್ಟ್‌ವೇರ್, ಹೊರಗೆ ಹೋಗುವಂತಿಲ್ಲ. ಅವೆರಡೂ ಯಂತ್ರ ಮಾಡುವ ಪರೀಕ್ಷೆ, ರಾತ್ರಿ ಹಾಕಿ ಬೆಳಗ್ಗೆ ನೋಡಬಹುದು. ನಮ್ಮ ಜೀವ ತಿನ್ನುತ್ತಿದ್ದದ್ದು ನೆಟ್‌ವರ್ಕ್ ಪರೀಕ್ಷೆ. ಜಿಯೋದಲ್ಲಿ 2ಜಿ, 3ಜಿ ಇಲ್ಲ. 4ಜಿ ಮೇಲೆಯೇ ಕರೆ ಸಾಗಿಸುವ ವೋಲ್ಟಿ ಕೆಟ್ಟರೆ ಕರೆಯೇ ಇಲ್ಲ, ಹಿಂದಕ್ಕೆ ಬಿದ್ದು ಹಿಡಿದುಕೊಳ್ಳಲು ಇನ್ನೊಂದು ಕೊಂಬೆ ಇಲ್ಲ. ಒಮ್ಮೆ ಒಂದು ಅಗ್ಗದ ಮಾಡೆಲ್‌ಗೆ ಮೋಡೆಮ್‌ನ ತೇಪೆ ಸೇರಿಸಿ ಬಿಟ್ಟೆವು. ಮೊದಲ ಕಂತಿನಲ್ಲಿ ನೂರಕ್ಕೆ ಐದು ಫೋನುಗಳಿಗೆ ಹೋಯಿತು. ಎರಡನೇ ದಿನ ದೂರು: ಮಾತಾಡುತ್ತಿರುವಾಗ ಇನ್ನೊಂದು ಕರೆ ಬಂದರೆ ಮೊದಲಿನ ಕರೆ ಕಟ್ಟಾಗುತ್ತಿದೆ. ಉಳಿದ ತೊಂಬತ್ತೈದಕ್ಕೆ ತಡೆ ಹಾಕಿ, ಕಾರಣ ಹುಡುಕಿ, ಚಿಪ್ ಕಂಪನಿಯಿಂದ ಸರಿಪಡಿಸಿದ ಹೊಸ ಫೈಲ್ ತರಿಸುವಷ್ಟರಲ್ಲಿ ಮೂರು ವಾರ. ಆ ಮೂರು ವಾರದಲ್ಲಿ ಮುಂದಿನ ತಿಂಗಳ ಪಟ್ಟಿ ಬಂದು ಕೂತಿತ್ತು. "ಎರಡನ್ನೂ ಸೇರಿಸಿ ಒಂದೇ ಸಲ ಬಿಡೋಣ" ಎಂದರು ಮ್ಯಾನೇಜರ್. ನಿಮ್ಮ ಫೋನಿಗೆ ಒಂದು ತಿಂಗಳು ಏನೂ ಬರದೆ ಹೋದದ್ದರ ಹಿಂದೆ ಇಂಥದ್ದೇ ಒಂದು ಮೀಟಿಂಗ್ ಇರುವ ಸಾಧ್ಯತೆ ಹೆಚ್ಚು.

ಅಗ್ಗದ ಫೋನುಗಳ ವಿಷಯದಲ್ಲಿ ಇನ್ನೊಂದು ಗಂಟಿದೆ. ಅವುಗಳಲ್ಲಿ ಹಲವನ್ನು ಬಾಕ್ಸ್ ಮೇಲೆ ಹೆಸರಿರುವ ಕಂಪನಿ ತಾನೇ ವಿನ್ಯಾಸ ಮಾಡಿರುವುದಿಲ್ಲ. ಚೀನಾದ ಗುತ್ತಿಗೆ ಕಂಪನಿಯೊಂದು ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡನ್ನೂ ಮಾಡಿಕೊಟ್ಟಿರುತ್ತದೆ. ತೇಪೆ ಹಚ್ಚಬೇಕಾದವರು ಅವರು, ದುಡ್ಡು ಕೊಡಬೇಕಾದವರು ಇವರು. ಒಪ್ಪಂದದಲ್ಲಿ ವರ್ಷಕ್ಕೆ ಎರಡೋ ನಾಲ್ಕೋ ಎಂದಿದ್ದರೆ ಅಷ್ಟೇ. ಭಾವನ ಫೋನಿನ ಮಾಡೆಲ್ ಸಂಖ್ಯೆ ನೋಡಿದ ಕೂಡಲೇ ನನಗೆ ಅರ್ಥವಾದದ್ದು ಅದು. ಸ್ಯಾಮ್‌ಸಂಗ್‌ನಂಥ ಕಂಪನಿ ತನ್ನ ಜಾಲತಾಣದಲ್ಲೇ ಬರೆದುಕೊಂಡಿದೆ: ಯಾವ ಮಾಡೆಲ್‌ಗೆ ತಿಂಗಳಿಗೊಮ್ಮೆ, ಯಾವುದಕ್ಕೆ ಮೂರು ತಿಂಗಳಿಗೊಮ್ಮೆ, ಯಾವುದಕ್ಕೆ ವರ್ಷಕ್ಕೆ ಎರಡು ಸಲ. ಫೋನು ಹಳತಾದಂತೆ ಮೊದಲ ಸಾಲಿನಿಂದ ಮೂರನೆಯದಕ್ಕೆ ಇಳಿಯುತ್ತದೆ. ಅಂಗಡಿಯವರು ಈ ಪಟ್ಟಿ ತೋರಿಸಿದ್ದನ್ನು ನಾನಂತೂ ನೋಡಿಲ್ಲ.

ತಡವಾದರೆ ಏನಂತೆ, ದೋಷ ಮೊದಲೂ ಇತ್ತಲ್ಲ ಎನ್ನುವವರಿದ್ದಾರೆ. ಇಲ್ಲೇ ಜನ ತಪ್ಪು ತಿಳಿಯುವುದು. ದೋಷ ಗುಟ್ಟಾಗಿದ್ದಾಗ ಅದನ್ನು ಹುಡುಕುವುದು ಕಷ್ಟದ, ದುಬಾರಿಯ ಕೆಲಸ. ತೇಪೆ ಪ್ರಕಟವಾದ ದಿನ ಹಳೆಯ ಕೋಡ್ ಮತ್ತು ಹೊಸ ಕೋಡ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ತೂತು ಎಲ್ಲಿತ್ತೆಂದು ಕಾಣುತ್ತದೆ. ನಮ್ಮ ಕಸುಬಿನಲ್ಲಿ ನಾವೂ ಇದನ್ನೇ ಮಾಡುತ್ತೇವೆ, ಕಳ್ಳರೂ ಮಾಡುತ್ತಾರೆ. ತೇಪೆ ಪ್ರಕಟವಾದ ದಿನದಿಂದ ಅದು ನಿಮ್ಮ ಫೋನಿಗೆ ಬಂದು ಸೇರುವ ದಿನದವರೆಗೆ ಯಾರ ಮನೆಯ ಬೀಗ ಸಡಿಲ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ.

2022ರಲ್ಲಿ ಎರಡು ಸಲ ಇದು ಚೆನ್ನಾಗಿ ಕಾಣಿಸಿತು. ಆಂಡ್ರಾಯ್ಡ್‌ನ ಕರ್ನಲ್ ಆಗಿರುವ ಲಿನಕ್ಸ್‌ನಲ್ಲಿದ್ದ 'ಡರ್ಟಿ ಪೈಪ್' ಎಂಬ ದೋಷಕ್ಕೆ ಫೆಬ್ರವರಿಯಲ್ಲಿ, ತಿಳಿಸಿದ ಕೆಲವೇ ದಿನಗಳಲ್ಲಿ, ತೇಪೆ ಸಿದ್ಧವಾಯಿತು. ಮಾರ್ಚ್ 7ಕ್ಕೆ ವಿವರ ಜಗಜ್ಜಾಹೀರು. ಗೂಗಲ್‌ನ ಸ್ವಂತ ಪಿಕ್ಸೆಲ್ 6ಕ್ಕೆ ಅದು ಬಂದದ್ದು ಮೇ ತಿಂಗಳಲ್ಲಿ. ಅದೇ ವರ್ಷ ಗೂಗಲ್‌ನ 'ಪ್ರಾಜೆಕ್ಟ್ ಜೀರೋ' ತಂಡ ಆರ್ಮ್ ಕಂಪನಿಯ ಮಾಲಿ ಗ್ರಾಫಿಕ್ಸ್ ಡ್ರೈವರಿನಲ್ಲಿ ಐದು ದೋಷ ಹುಡುಕಿ ತಿಳಿಸಿತು. ಆರ್ಮ್ ಜುಲೈ, ಆಗಸ್ಟ್‌ನಲ್ಲೇ ಸರಿಪಡಿಸಿತು. ನವೆಂಬರ್‌ನಲ್ಲಿ ತಂಡದವರು ತಮ್ಮ ಬಳಿಯಿದ್ದ ಮಾಲಿ ಚಿಪ್‌ನ ಫೋನುಗಳನ್ನು ಪರೀಕ್ಷಿಸಿದರೆ ಎಲ್ಲದರಲ್ಲೂ ತೂತು ಹಾಗೇ ಇತ್ತು. ಪಿಕ್ಸೆಲ್, ಸ್ಯಾಮ್‌ಸಂಗ್, ಶಿಯೋಮಿ, ಒಪ್ಪೋ ಎಲ್ಲವೂ ಒಂದೇ ಸಾಲಿನಲ್ಲಿ. ದೋಷ ಹುಡುಕಿದ್ದು ಗೂಗಲ್‌ನವರೇ, ತೇಪೆ ಬಾರದ ಫೋನೂ ಗೂಗಲ್‌ನದೇ. ನಗಬೇಕೋ ಅಳಬೇಕೋ ತಿಳಿಯದೆ ಅವತ್ತು ನಮ್ಮ ಆಫೀಸಿನಲ್ಲಿ ಚಹಾದ ಹೊತ್ತು ಸ್ವಲ್ಪ ಉದ್ದವಾಯಿತು.

ತಾರೀಖನ್ನೇ ನಂಬುವಂತೆಯೂ ಇಲ್ಲ. 2018ರಲ್ಲಿ ಜರ್ಮನಿಯ ಭದ್ರತಾ ಸಂಶೋಧನಾ ಸಂಸ್ಥೆ ಎಸ್‌ಆರ್‌ಲ್ಯಾಬ್ಸ್‌ನ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ನೂರಾರು ಫೋನುಗಳ ಸಾಫ್ಟ್‌ವೇರ್ ಬಿಚ್ಚಿ ನೋಡಿದರು. ತಾರೀಖು ಮುಂದಕ್ಕೆ ಹೋಗಿದೆ, ಆ ತಾರೀಖಿಗೆ ಇರಬೇಕಾದ ತೇಪೆಗಳಲ್ಲಿ ಕೆಲವು ಒಳಗಿಲ್ಲ. ಮೀಡಿಯಾಟೆಕ್ ಚಿಪ್ ಇದ್ದ ಫೋನುಗಳಲ್ಲಿ ಬಿಟ್ಟುಹೋದದ್ದು ಹೆಚ್ಚು. ಎಲ್ಲವೂ ಮೋಸವಲ್ಲ ಎಂದು ನಾನು ಹೇಳಬಲ್ಲೆ. ನೂರು ತೇಪೆಗಳ ಪಟ್ಟಿಯಲ್ಲಿ ಒಂದೆರಡು ಕೈತಪ್ಪುವುದು ಒಳಗಿದ್ದವರಿಗೆ ಗೊತ್ತು. ನಾಲ್ಕಕ್ಕಿಂತ ಹೆಚ್ಚು ತಪ್ಪಿದರೆ ಅದಕ್ಕೆ ಕೈತಪ್ಪು ಎನ್ನಲು ನಾಲಿಗೆ ಬರುವುದಿಲ್ಲ.

ಆಪಲ್‌ನ ಕಥೆ ಚಿಕ್ಕದು. ಸಾಫ್ಟ್‌ವೇರ್, ಚಿಪ್, ಫೋನು ಒಂದೇ ಮನೆಯದು, ಹಾಗಾಗಿ ಒಂದೇ ದಿನ ಎಲ್ಲರಿಗೂ ಹೋಗುತ್ತದೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಭದ್ರತಾ ತೇಪೆ ಬಂದಿತ್ತು.

ಆಂಡ್ರಾಯ್ಡ್ ಕೂಡ ಕೈಕಟ್ಟಿ ಕೂತಿಲ್ಲ. 2017ರ 'ಟ್ರೆಬಲ್' ಎಂಬ ಮರುವಿನ್ಯಾಸದಿಂದ ಚಿಪ್‌ನ ಭಾಗ, ಆಂಡ್ರಾಯ್ಡ್‌ನ ಭಾಗ ಬೇರೆ ಬೇರೆಯಾದವು. ಆಂಡ್ರಾಯ್ಡ್ 10ರಿಂದ ಕೆಲವು ಭಾಗಗಳು ಪ್ಲೇ ಸ್ಟೋರ್ ದಾರಿಯಲ್ಲೇ, ಫೋನ್ ಕಂಪನಿಯನ್ನು ಕೇಳದೆ ಬರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್' ಎಂದು ಎರಡನೆಯ ತಾರೀಖು ಕಾಣುವುದು ಅದಕ್ಕೇ. ಕ್ರೋಮ್ ಹೇಗೂ ಬೇರೆಯಾಗಿಯೇ ಹೊಸದಾಗುತ್ತದೆ. ಮಾರ್ಚ್ ಎಂದು ತೋರಿಸುತ್ತಿದ್ದ ಭಾವನ ಫೋನು ಪೂರ್ತಿ ಬೆತ್ತಲೆಯಾಗಿರಲಿಲ್ಲ. ಕರ್ನಲ್, ಡ್ರೈವರು ಮತ್ತು ಪ್ಲೇ ಸ್ಟೋರ್ ದಾರಿಯಲ್ಲಿ ಬಾರದ ಉಳಿದ ಭಾಗಗಳು ಮಾತ್ರ ಹಳೆಯ ತೇಪೆಯಲ್ಲೇ ನಿಂತಿದ್ದವು.

2025ರ ಜುಲೈ ಪ್ರಕಟಣೆಯಲ್ಲಿ ಒಂದೇ ಒಂದು ದೋಷವೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಒಟ್ಟಿಗೆ ಬಂದವು. ಗೂಗಲ್ ಪದ್ಧತಿ ಬದಲಿಸಿತ್ತು: ಅಪಾಯ ಹೆಚ್ಚಿರುವ ದೋಷಗಳಿಗೆ ತಿಂಗಳ ತೇಪೆ, ಉಳಿದದ್ದೆಲ್ಲ ಮೂರು ತಿಂಗಳಿಗೊಮ್ಮೆ ಮೂಟೆಯಾಗಿ. ನನ್ನ ಹಳೆಯ ತಂಡದವರಿಗೆ ಇದು ಹಬ್ಬ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗೊತ್ತಿರುವ ದೋಷದ ವಿವರ ತಿಂಗಳುಗಟ್ಟಲೆ ಹತ್ತಾರು ಕಂಪನಿಗಳ ಸಾವಿರಾರು ಕೈಗಳಲ್ಲಿ ಓಡಾಡುತ್ತದೆ. ಅಷ್ಟು ಬಾಯಿ ಮುಚ್ಚಿಡುವ ಗುಟ್ಟನ್ನು ನಾನು ಈ ಉದ್ಯಮದಲ್ಲಿ ಕಂಡಿಲ್ಲ.

ಹಾಗಾದರೆ ಭಾವನ ದುಡ್ಡಿಗೆ ಅಪಾಯವಿತ್ತೇ? ನಮ್ಮ ಕಡೆ ಜನ ದುಡ್ಡು ಕಳೆದುಕೊಳ್ಳುತ್ತಿರುವ ಪ್ರಕರಣಗಳಲ್ಲಿ ನನ್ನ ಕಣ್ಣಿಗೆ ಬಿದ್ದವುಗಳಿಗೆ ಕರ್ನಲ್ ದೋಷ ಬೇಕಾಗಿಯೇ ಇರಲಿಲ್ಲ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಂದೋ ಆರ್‌ಟಿಒ ಚಲನ್ ಎಂದೋ ಒಂದು ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್) ಬರುತ್ತದೆ, ನಾವೇ ಒತ್ತಿ, ಕೇಳಿದ ಅನುಮತಿಯನ್ನೆಲ್ಲ ನಾವೇ ಕೊಡುತ್ತೇವೆ. ಆಮೇಲೆ ಓಟಿಪಿ ಮೆಸೇಜು ಅವರ ಕೈಗೆ. ಇದು ತೂತಿನಿಂದಲ್ಲ, ಹೆಬ್ಬಾಗಿಲಿನಿಂದಲೇ ಬಂದ ಕಳ್ಳತನ. ನಿಜವಾದ ತೂತುಗಳನ್ನು ಬಳಸುವವರ ಗುರಿ ಬೇರೆ. ಸರ್ಬಿಯಾದ ವಿದ್ಯಾರ್ಥಿಯೊಬ್ಬನ ಫೋನನ್ನು ಲಿನಕ್ಸ್‌ನ ಯುಎಸ್‌ಬಿ ಡ್ರೈವರುಗಳ ದೋಷಗಳ ಮೂಲಕ ತೆರೆದದ್ದನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ 2025ರ ಫೆಬ್ರವರಿಯಲ್ಲಿ ಹೊರಗೆಳೆಯಿತು. ಅವುಗಳಲ್ಲಿ ಒಂದರ ತೇಪೆ ಅದೇ ತಿಂಗಳ ಆಂಡ್ರಾಯ್ಡ್ ಪ್ರಕಟಣೆಯಲ್ಲಿತ್ತು. ನೀವು ಪತ್ರಕರ್ತರೋ, ವಕೀಲರೋ, ಹೋರಾಟಗಾರರೋ ಆಗಿದ್ದರೆ ಆರು ತಿಂಗಳ ಹಿಂದಿನ ತಾರೀಖನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ.

ವ್ಯಾಪಾರಿಗೆ ತಟ್ಟುವುದು ಇನ್ನೊಂದು. ಫೋನು ನಂಬಿಕಸ್ತವೇ ಎಂದು ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳಬಹುದು. 2025ರಿಂದ, ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಿಗೆ ಅಲ್ಲಿ ಮೇಲಿನ ದರ್ಜೆ ಸಿಗಬೇಕಾದರೆ ಕಳೆದ ಹನ್ನೆರಡು ತಿಂಗಳೊಳಗಿನ ಭದ್ರತಾ ತೇಪೆ ಇರಲೇಬೇಕು. ಬ್ಯಾಂಕಿನವರು ಆ ದರ್ಜೆ ಕಡ್ಡಾಯ ಮಾಡಿದರೆ, ಕೆಲಸ ಮಾಡುತ್ತಿರುವ ಫೋನಿನಲ್ಲೇ ಅವರ ಆ್ಯಪ್ ತೆರೆಯದೆ ಹೋಗಬಹುದು.

ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಅಪ್‌ಡೇಟ್ ಯಾವ ವರ್ಷದವರೆಗೆ, ಎಷ್ಟು ತಿಂಗಳಿಗೊಮ್ಮೆ ಎಂದು ಕೇಳಿ. ವರ್ಷ ಎಣಿಸುವುದು ಸಾಮಾನ್ಯವಾಗಿ ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ರಿಯಾಯಿತಿ ಮಾರಾಟದಲ್ಲಿ ಎರಡು ವರ್ಷ ಹಳೆಯ ಮಾಡೆಲ್ ಕೊಂಡರೆ ಎರಡು ವರ್ಷ ಆಗಲೇ ಕರಗಿರುತ್ತದೆ. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟಿದ್ದಾರೆ, ಅಗ್ಗದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ. ಐರೋಪ್ಯ ಒಕ್ಕೂಟದ 2025ರ ಜೂನ್ 20ರಿಂದ ಜಾರಿಯಾದ ನಿಯಮ ಇನ್ನೂ ಮುಂದೆ ಹೋಗಿದೆ: ಮಾಡೆಲ್‌ನ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಸಿಗಬೇಕು, ಮೂಲ ಕೋಡ್ ಪ್ರಕಟವಾದ ನಾಲ್ಕು ತಿಂಗಳೊಳಗೆ ಭದ್ರತಾ ತೇಪೆ ಫೋನಿಗೆ ತಲುಪಬೇಕು. ತಡಕ್ಕೇ ಗಡುವು ಹಾಕಿದ್ದು ನನಗೆ ಇಷ್ಟವಾಯಿತು. ನಮ್ಮಲ್ಲಿ ಬಾಕ್ಸ್ ಮೇಲೆ ಗರಿಷ್ಠ ಮಾರಾಟ ಬೆಲೆ ಇದೆ, ಅಪ್‌ಡೇಟ್ ಕೊನೆಯಾಗುವ ತಾರೀಖು ಕಾಣುವುದಿಲ್ಲ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಭಾವ ಎರಡನೇ ಎಲೆ ಮಡಿಸುತ್ತಿದ್ದರು. ಸುಮ್ಮನೆ ಒಂದು ಸಲ 'ಸಾಫ್ಟ್‌ವೇರ್ ಅಪ್‌ಡೇಟ್' ಒತ್ತಿದೆ. ಜುಲೈ ತಿಂಗಳದ್ದು ಬಂದು ಕೂತಿತ್ತು. ಎಂದೋ ಬಂದಿದೆ, ಜಾಗ ಸಾಲದೆ ಇಳಿದಿಲ್ಲ. ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು, ಹೂವಿನ ಮೇಲೆ ಹೂವು, ಕೊಬ್ಬರಿ ಹರಾಜಿನ ಮೂರು ವರ್ಷದ ವಿಡಿಯೋ. "ಅಪ್‌ಡೇಟ್ ಬಂದಿಲ್ಲ ಅಂದ್ರಲ್ಲ ಭಾವ?"

"ಏನೋ ಮೆಮೊರಿ ಫುಲ್ ಅಂತಿತ್ತಪ್ಪ, ನಾನು ಕ್ಲೋಸ್ ಮಾಡ್ತಿದ್ದೆ."

ಹೂವುಗಳನ್ನು ಅಳಿಸಲು ಅಕ್ಕ ಒಪ್ಪಿದರು, ಹರಾಜಿನ ವಿಡಿಯೋಗೆ ಭಾವ ಒಪ್ಪಲಿಲ್ಲ. ಅಷ್ಟರಲ್ಲೇ ಜಾಗವಾಯಿತು.