ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಬರುತ್ತೆ: ಡೈಪರ್ ರ್‍ಯಾಶ್ ಮರುಕಳಿಸುವುದೇಕೆ?

“ಹಚ್ಚಿದ್ರೆ ಹೋಗತ್ತೆ ಡಾಕ್ಟ್ರೇ, ಬಿಟ್ರೆ ಮತ್ತೆ ಬರತ್ತೆ.” ಒಂದೂವರೆ, ಎರಡು ವರ್ಷದ ಮಕ್ಕಳ ಡೈಪರ್ ರ್‍ಯಾಶ್ ಬಗ್ಗೆ ನಾನು ಹೆಚ್ಚಾಗಿ ಕೇಳುವ ದೂರು ಇದು. ಜೊತೆಗೆ ಮೇಜಿನ ಮೇಲೆ ಅರ್ಧರ್ಧ ಹಿಂಡಿದ ಟ್ಯೂಬುಗಳ ಒಂದು ಕವರು. ಇದಕ್ಕಿಂತ ಒಳ್ಳೆ ಕ್ರೀಮ್ ಯಾವುದು ಎಂಬುದು ಮನೆಯವರ ಪ್ರಶ್ನೆ. ನನಗೆ ಬೇಕಾಗಿರುವುದು ಬೇರೆ ಸಂಗತಿಗಳು: ಯಾವ ಟ್ಯೂಬಿಗೆ ಹೋಯಿತು, ಬಿಟ್ಟ ಎಷ್ಟು ದಿನಕ್ಕೆ ಬಂತು, ಬಂದಾಗ ಮೊದಲು ಕೆಂಪಾಗಿದ್ದು ಎಲ್ಲಿ. ಕೂಸಿನ ಕುಂಡಿ ಕೆಂಪಾಗುವುದಕ್ಕೆ ಹತ್ತಾರು ಕಾರಣಗಳಿವೆ. ಬಣ್ಣದಿಂದ ಅವನ್ನು ಬೇರ್ಪಡಿಸಲಾಗದು. ಜಾಗ ಮತ್ತು ಮರಳುವ ರೀತಿಯಿಂದ ಬಹುಪಾಲು ಬೇರ್ಪಡಿಸಬಹುದು.

ಮೊದಲು ಜಾಗ. ಮಗುವನ್ನು ಕಿಟಕಿಯ ಬೆಳಕಿಗೆ ಮಲಗಿಸಿ, ತೊಡೆಸಂದಿಯ ಮಡಿಕೆಗಳನ್ನು ಬಿಡಿಸಿ ನೋಡಿ. ಕುಂಡಿ, ತೊಡೆಯ ಒಳಮೈ, ಕಿಬ್ಬೊಟ್ಟೆಯಂಥ ಉಬ್ಬಿದ ಭಾಗಗಳೆಲ್ಲ ಕೆಂಪಾಗಿ ಮಡಿಕೆಯ ಆಳ ಮಾತ್ರ ತಿಳಿಯಾಗಿದ್ದರೆ ಅದು ಸಾಮಾನ್ಯವಾಗಿ ಒದ್ದೆ ಮತ್ತು ಮಲ ತಾಗಿ ಆದ ರ್‍ಯಾಶ್. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಉಚ್ಚೆ ಒಂದರಿಂದಲೇ ಇಷ್ಟೆಲ್ಲ ಆಗುವುದಿಲ್ಲ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಚರ್ಮದ ಮೇಲ್ಮೈ ಸಹಜವಾಗಿ ತುಸು ಆಮ್ಲೀಯ, ಪಿಎಚ್ ಸುಮಾರು 5.5. ಅಮೋನಿಯಾ ಬಂದರೆ ಅದು ಕ್ಷಾರದ ಕಡೆ ಜರುಗುತ್ತದೆ. ಆಗ ಮಲದಲ್ಲಿರುವ ಜೀರ್ಣಕಿಣ್ವಗಳು ಚುರುಕಾಗಿ, ಪ್ರೋಟೀನು-ಕೊಬ್ಬುಗಳಿಂದಲೇ ಆದ ಚರ್ಮದ ಮೇಲ್ಪದರವನ್ನು ಕರಗಿಸತೊಡಗುತ್ತವೆ. ಬರೀ ಉಚ್ಚೆಯ ಡೈಪರ್ ಎರಡು-ಮೂರು ಗಂಟೆ ತಡೆದೀತು. ಕಕ್ಕ ಆದದ್ದನ್ನು ಗೊತ್ತಾದ ಕೂಡಲೇ ತೆಗೆಯಬೇಕು ಎನ್ನುವುದು ಅದಕ್ಕೇ.

ಇದೇ ಚಿತ್ರ ತಲೆಕೆಳಗಾಗಿದ್ದರೆ, ಅಂದರೆ ಮಡಿಕೆಯ ಆಳದಲ್ಲೇ ಕಡುಕೆಂಪಾಗಿ ಅಂಚಿನಾಚೆ ಸಣ್ಣ ಕೆಂಪು ಗುಳ್ಳೆಗಳು ಚೆದುರಿದ್ದರೆ, ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ನೆನೆಯಬೇಕು. ಮೂರು ದಿನ ದಾಟಿದ ಸಾಮಾನ್ಯ ರ್‍ಯಾಶ್‌ನ ಮೇಲೂ ಇದು ಬಂದು ಕೂರುತ್ತದೆ. ಕೆಮ್ಮು-ಜ್ವರಕ್ಕೆಂದು ಆ್ಯಂಟಿಬಯಾಟಿಕ್ ಕುಡಿದು ಮುಗಿಸಿದ ವಾರದಲ್ಲಿ ಬಂದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕ್ಲೋಟ್ರಿಮಜೋಲ್ ಅಥವಾ ಮೈಕೋನಜೋಲ್‌ಗೆ ಇದು ಚೆನ್ನಾಗಿ ಬಗ್ಗುತ್ತದೆ. ಆದರೆ ಮೂರನೇ ದಿನ ಕೆಂಪು ಇಳಿಯಿತೆಂದು ಟ್ಯೂಬಿಗೆ ಮುಚ್ಚಳ ಹಾಕಿಬಿಟ್ಟರೆ ಶಿಲೀಂಧ್ರ ಇನ್ನೂ ಅಲ್ಲೇ ಇರುತ್ತದೆ. ಹೇಳಿದಷ್ಟು ದಿನ ಹಚ್ಚದೇ ಇರುವುದೂ ಮರುಕಳಿಕೆಗೆ ಒಂದು ಕಾರಣ. ಇನ್ನೊಂದು ವಿಷಯ ಅಪರೂಪದ್ದಾದರೂ ಹೇಳಿಬಿಡುತ್ತೇನೆ. ಕ್ಯಾಂಡಿಡಾ ಪದೇಪದೇ ಬರುತ್ತಿದೆ, ಮಗು ವಿಪರೀತ ನೀರು ಕೇಳುತ್ತಿದೆ, ಡೈಪರ್ ಎಂದಿಗಿಂತ ಬೇಗ ಭಾರವಾಗುತ್ತಿದೆ, ತೂಕ ಇಳಿಯುತ್ತಿದೆ ಎಂದಾದರೆ ಅವತ್ತೇ ರಕ್ತದ ಸಕ್ಕರೆ ನೋಡಿಸಿ. ಪುಟ್ಟ ಮಕ್ಕಳಲ್ಲಿ ಟೈಪ್ 1 ಮಧುಮೇಹ ಹೀಗೂ ತಲೆ ಎತ್ತುತ್ತದೆ.

ಈಗ ಆ ದೂರಿಗೇ ಬರೋಣ. ಹಚ್ಚಿದ ಎರಡೇ ದಿನಕ್ಕೆ ಮಾಯ, ಬಿಟ್ಟ ನಾಲ್ಕೈದು ದಿನಕ್ಕೆ ಮೊದಲಿಗಿಂತ ಜಾಸ್ತಿ ಎಂದು ಯಾರಾದರೂ ಹೇಳಿದರೆ ನಾನು ಮಗುವನ್ನು ನೋಡುವ ಮೊದಲು ಕವರಿಗೆ ಕೈ ಹಾಕುತ್ತೇನೆ. ಅದರಲ್ಲಿ ಬಹಳ ಸಲ ಸಿಗುವುದು ತ್ರಿವಳಿ ಕ್ರೀಮ್: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೊಂದು ಸ್ಟೀರಾಯ್ಡ್. ಟ್ಯೂಬಿನ ಬೆನ್ನಿನ ಸಣ್ಣಕ್ಷರದಲ್ಲಿ ಕ್ಲೋಬೆಟಾಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಹುಡುಕಿ. ಕ್ಲೋಬೆಟಾಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲ ಗುಂಪಿಗೆ ಸೇರಿದ್ದು. ಅದು ಉರಿ-ಕೆಂಪನ್ನು ಅದುಮಿಡುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ಶಿಲೀಂಧ್ರವಿದ್ದರೆ ಅದಕ್ಕೆ ಅನುಕೂಲವನ್ನೇ ಮಾಡಿಕೊಡುತ್ತದೆ. ಮೇಲಾಗಿ ಡೈಪರ್ ಎಂದರೆ ಮುಚ್ಚಳ ಹಾಕಿದ ಪಾತ್ರೆ; ಒಳಗಿನ ಬಿಸಿ-ತೇವದಲ್ಲಿ ಔಷಧ ಚರ್ಮದೊಳಕ್ಕೆ ಇಳಿಯುವ ಪ್ರಮಾಣ ಹೆಚ್ಚು. ತಿಂಗಳುಗಟ್ಟಲೆ ಹಚ್ಚಿದ ಮಕ್ಕಳಲ್ಲಿ ಚರ್ಮ ತೆಳುವಾಗುವುದು, ನೇರಳೆಗೆಂಪು ಗಂಟುಗಳೇಳುವುದು, ಕೆಲವೊಮ್ಮೆ ಮುಖ ಊದಿ ಬೆಳವಣಿಗೆ ಕುಂಠಿತವಾಗುವುದು ವೈದ್ಯಲೋಕಕ್ಕೆ ಹೊಸತೇನಲ್ಲ. ಈ ಬಗೆಯ ಕ್ರೀಮ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಆದರೂ ಬಡಾವಣೆಯ ಮೆಡಿಕಲ್ ಶಾಪಿನಲ್ಲಿ “ಮಗುಗೆ ಕೆಂಪಗಾಗಿದೆ” ಅಂದರೆ ಸಾಕು, ಕೈಗೆ ಬರುವುದು ಅದೇ. ನಾನೂ ಸ್ಟೀರಾಯ್ಡ್ ಬರೆಯುವುದುಂಟು: ಶೇ 1ರ ಹೈಡ್ರೋಕಾರ್ಟಿಸೋನ್, ತೆಳುವಾಗಿ, ಕೆಲವೇ ದಿನ, ಉರಿ ಹೆಚ್ಚಿದ್ದಾಗ ಮಾತ್ರ.

ಕ್ರೀಮಿನ ನಂತರ ವೈಪ್ಸ್. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ನಾಲಿಗೆ ಹೊರಳದ ಹೆಸರಿನ ಸಂರಕ್ಷಕವೊಂದು ಒದ್ದೆ ವೈಪ್ಸ್‌ಗಳ ಮೂಲಕ ಎಷ್ಟು ಅಲರ್ಜಿ ಹಬ್ಬಿಸಿತೆಂದರೆ, ಚರ್ಮದ ಅಲರ್ಜಿ ನೋಡುವ ಅಮೆರಿಕದ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ತೊಳೆಯದೆ ಮೈಮೇಲೆ ಉಳಿಯುವ ಸೌಂದರ್ಯವರ್ಧಕಗಳಲ್ಲಿ ಅದನ್ನು ಬಳಸುವುದಕ್ಕೆ ಯುರೋಪಿನಲ್ಲಿ ಈಗ ನಿಷೇಧವಿದೆ. ಸುವಾಸನೆಯೂ ಅಲರ್ಜಿ ತರಬಲ್ಲದು. ಅದೇ ವೈಪ್ಸಿನಲ್ಲಿ ಊಟವಾದ ಮೇಲೆ ಬಾಯಿ ಒರೆಸುತ್ತಿದ್ದರೆ ತುಟಿಯ ಸುತ್ತಲೂ ರ್‍ಯಾಶ್ ಕಾಣುತ್ತದೆ, ಒರೆಸುವವರ ಬೆರಳೂ ಕೆರೆಯುತ್ತದೆ. ಸೊಂಟದಲ್ಲಿ, ತೊಡೆಯ ಸುತ್ತ ಎಲಾಸ್ಟಿಕ್ ಕೂರುವಲ್ಲಿ ಮಾತ್ರ ಪಟ್ಟಿ ಎಳೆದ ಹಾಗಿದ್ದರೆ ಡೈಪರಿನ ರಬ್ಬರ್ ಅಥವಾ ಬಿಗಿತದ ಕಡೆ ನೋಡಬೇಕು.

ಬಟ್ಟೆಯ ಲಂಗೋಟಿಯೇ ಒಳ್ಳೆಯದು, ಡೈಪರಿನಿಂದಲೇ ಇದೆಲ್ಲ ಎನ್ನುವ ಅಜ್ಜಿಯರನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಈಗಿನ ಡೈಪರುಗಳಲ್ಲಿರುವ ನೀರು ಹೀರುವ ಜೆಲ್ ಚರ್ಮವನ್ನು ಬಟ್ಟೆಗಿಂತ ಒಣಗಿಸಿಡುತ್ತದೆ. ಬಟ್ಟೆ ಒಳ್ಳೆಯದಾಗುವುದು ಒದ್ದೆಯಾದ ತಕ್ಷಣ ಬದಲಿಸುವ ಕೈ ಮನೆಯಲ್ಲಿದ್ದಾಗ. ಅದರಲ್ಲೂ ವೈಟ್‌ಫೀಲ್ಡ್, ಮಹದೇವಪುರ ಕಡೆಯ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬಹುಕಾಲದಿಂದ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಆ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಗಸಿಯಾಗುತ್ತದೆ, ಪುಡಿ ಜಾಸ್ತಿ ಸುರಿಯುತ್ತಾರೆ, ನೀರಿನ ಕೊರತೆಗೆ ಜಾಲಿಸುವುದು ಒಂದೇ ಸಲ. ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಬಾಲ್ಕನಿಯಲ್ಲಿ ನೇತುಹಾಕಿದ್ದು ಒಣಗುವುದೂ ಇಲ್ಲ. ಮುಗ್ಗಲು ವಾಸನೆಯ ಲಂಗೋಟಿಗೆ ಡೆಟಾಲ್ ಹನಿಸುವವರೂ ಇದ್ದಾರೆ, ದಯವಿಟ್ಟು ಬೇಡ. ಪೌಡರೂ ಬೇಡ. ಮಗು ಅದನ್ನು ಉಸಿರಿಗೆ ಎಳೆದುಕೊಳ್ಳುತ್ತದೆ, ಮಡಿಕೆಯಲ್ಲಿ ಉಂಡೆಗಟ್ಟಿ ಉಜ್ಜುತ್ತದೆ.

ಮರುಕಳಿಸುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಗುರುವಾರ-ಶುಕ್ರವಾರ ಕೆಂಪು, ಭಾನುವಾರ ಸಂಜೆಗೆ ವಾಸಿ ಎಂದಾದರೆ ಡೇಕೇರಿನಲ್ಲಿ ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ, ಯಾವುದರಿಂದ ಒರೆಸುತ್ತಾರೆ ಎಂದು ಕೇಳಬೇಕು. ಸಂಜೆ ಬೆಳ್ಳಂದೂರಿನಿಂದ ಬನಶಂಕರಿಗೆ ಬರುವಷ್ಟರಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಾರ್ ಸೀಟಿಗೆ ಒತ್ತಿಕೊಂಡು ಕೂತ ಆ ಒಂದೂವರೆ ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಿ. ಭೇದಿ ಜೊತೆ ಬರುತ್ತಿದ್ದರೆ ಊಟ ನೋಡಬೇಕು. ಹಲ್ಲು ಬರ್ತಿದೆ, ಉಷ್ಣ ಆಗಿದೆ ಎಂದು ಸುಮ್ಮನಾಗುವ ಮನೆಗಳಲ್ಲಿ ಮಗು ದಿನಕ್ಕೆ ಮೂರು ಲೋಟ ಸೇಬಿನ ಜ್ಯೂಸ್ ಕುಡಿಯುತ್ತಿರುವುದು ಆಮೇಲೆ ಗೊತ್ತಾಗುತ್ತದೆ. ಅದರ ಫ್ರಕ್ಟೋಸ್, ಸಾರ್ಬಿಟಾಲ್ ಪೂರ್ತಿ ಜೀರ್ಣವಾಗದೆ ನೀರು ನೀರಾಗಿ ಹೊರಡುತ್ತವೆ. ಜ್ಯೂಸ್ ನಿಲ್ಲಿಸಿ ಹಣ್ಣನ್ನೇ ಕೊಟ್ಟರೆ ಭೇದಿಯ ಜೊತೆ ರ್‍ಯಾಶೂ ಇಳಿಯುವುದುಂಟು.

ಗುದದ್ವಾರದ ಸುತ್ತ ಮಾತ್ರ ಗೆರೆ ಕೊರೆದಂತೆ ಕೆಂಪಾಗಿ, ಮಗು ಕಕ್ಕ ಮಾಡಲು ಹೆದರಿ ತಡೆಹಿಡಿದು ಮಲಬದ್ಧತೆಯಾಗಿ, ಕೆಲವೊಮ್ಮೆ ರಕ್ತದ ಎಳೆ ಕಾಣುತ್ತಿದ್ದರೆ ಅದು ಸ್ಟ್ರೆಪ್ಟೋಕಾಕಸ್ ಸೋಂಕಾಗಿರಬಹುದು. ಗಂಟಲು ನೋವು ತರುವ ಅದೇ ಬ್ಯಾಕ್ಟೀರಿಯಾ. ಇದನ್ನು ಶಿಲೀಂಧ್ರವೆಂದೋ ಮೂಲವ್ಯಾಧಿಯೆಂದೋ ತಿಳಿದು ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಒಂದು ಹತ್ತಿಕಡ್ಡಿಯ ಸ್ವಾಬ್ ಸಾಕು ಕಂಡುಹಿಡಿಯಲು. ಇದಕ್ಕೆ ಬೇಕಿರುವುದು ಸಾಮಾನ್ಯವಾಗಿ ಬಾಯಿಂದ ಕೊಡುವ ಆ್ಯಂಟಿಬಯಾಟಿಕ್. ರಾತ್ರಿ ಮಾತ್ರ ಕೆರೆತವಿದ್ದರೆ ಜಂತುಹುಳು ನೋಡಿ.

ಇಷ್ಟಕ್ಕೂ ಜಗ್ಗದ್ದು ಕೆಲವಿವೆ. ಸೋರಿಯಾಸಿಸ್ ಇಲ್ಲಿ ಹೊಟ್ಟು ಉದುರಿಸದೆ ಬರೀ ಹೊಳೆಯುವ ಕೆಂಪಾಗಿ ಕೂರುತ್ತದೆ. ಬಾಯಿಯ ಸುತ್ತಲೂ, ಕೈಕಾಲ ತುದಿಯಲ್ಲೂ ಇದ್ದು, ಕೂದಲು ಉದುರಿ ಭೇದಿಯಾಗುತ್ತಿದ್ದರೆ, ಅದರಲ್ಲೂ ಎದೆಹಾಲು ಬಿಡಿಸಿದ ಮೇಲೆ ಶುರುವಾಗಿದ್ದರೆ, ಸತುವಿನ ಕೊರತೆ. ನೆತ್ತಿಯಲ್ಲಿ ಹಕ್ಕಳೆ, ತೊಡೆಸಂದಿಯಲ್ಲಿ ರಕ್ತದ ಸಣ್ಣ ಚುಕ್ಕೆಗಳು ಸೇರಿದರೆ ಬಯಾಪ್ಸಿ ಮಾಡಿ ಹಿಸ್ಟಿಯೋಸೈಟೋಸಿಸ್ ಎಂಬ ವಿರಳ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಇವ್ಯಾವುದರ ಲಕ್ಷಣವೂ ಇಲ್ಲದಿದ್ದರೆ ಹೊಸ ಔಷಧ ಸೇರಿಸುವ ಮೊದಲು ಇರುವುದನ್ನೆಲ್ಲ ಒಂದು ವಾರ ಕಳೆಯಲು ಹೇಳುತ್ತೇನೆ. ವೈಪ್ಸ್, ಸೋಪು, ಪೌಡರು, ಅರಿಶಿನ-ಕಡಲೆಹಿಟ್ಟು ಎಲ್ಲವೂ ಬಂದ್. ಸ್ಟೀರಾಯ್ಡ್ ಟ್ಯೂಬನ್ನು ಮಾತ್ರ, ವಾರಗಟ್ಟಲೆ ಹಚ್ಚಿದ್ದರೆ, ತೋರಿಸದೆ ತಟ್ಟನೆ ನಿಲ್ಲಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಮಗುವನ್ನು ಹತ್ತು ನಿಮಿಷ ಹಳೇ ಸೀರೆಯ ಮೇಲೆ ಬರಿಮೈಯಲ್ಲಿ ಬಿಟ್ಟು, ಸುವಾಸನೆಯಿಲ್ಲದ ಜಿಂಕ್ ಆಕ್ಸೈಡ್ ಅನ್ನು ಚರ್ಮ ಕಾಣದಷ್ಟು ದಪ್ಪ ಬಳಿಯಿರಿ. ಮುಂದಿನ ಸಲ ಕೊಳೆಯಾದ ಮೇಲ್ಪದರ ಮಾತ್ರ ಒರೆಸಿ; ಬಿಳಿಯೆಲ್ಲ ಹೋಗುವ ತನಕ ತಿಕ್ಕಿದರೆ ಅದೇ ಗಾಯ. ವಾಸಿಯಾದ ಮೇಲೆ ಬಿಟ್ಟಿದ್ದನ್ನು ಮೂರು-ನಾಲ್ಕು ದಿನಕ್ಕೊಂದರಂತೆ ವಾಪಸು ತನ್ನಿ. ಯಾವುದು ಬಂದಾಗ ಕೆಂಪು ಬಂತೋ ಅದನ್ನು ಬರೆದಿಡಿ.

ಜ್ವರ, ಕೀವು, ನೀರುಗುಳ್ಳೆ, ಹುಣ್ಣು, ತೂಕ ಇಳಿತ ಇದ್ದರೆ ಈ ಒಂದು ವಾರ ಕಾಯಬೇಡಿ. ತೋರಿಸಲು ಬರುವ ದಿನ ಬೆಳಿಗ್ಗೆ ಏನೂ ಹಚ್ಚಬೇಡಿ, ಬಿಳಿ ಲೇಪದ ಕೆಳಗೆ ನಮಗೇನೂ ಕಾಣುವುದಿಲ್ಲ. ರ್‍ಯಾಶ್ ಜೋರಾಗಿದ್ದ ದಿನದ ಫೋಟೊ, ವೈಪ್ಸಿನ ಪ್ಯಾಕೆಟ್ಟು, ಮನೆಯಲ್ಲಿರುವ ಅಷ್ಟೂ ಟ್ಯೂಬುಗಳು ಜೊತೆಗಿರಲಿ; ನಾದಿನಿ ಕೊಟ್ಟದ್ದು, ಹೆಸರು ಅಳಿಸಿದ್ದು, ಅವಧಿ ಮುಗಿದದ್ದು ಸಹ.