ಆರ್‌ಸಿ ಪ್ಲೇನ್ ಮೇಂಟೆನೆನ್ಸ್: ಕೊಡಗಿನ ತೇವಕ್ಕೆ ತಕ್ಕ ಟಿಪ್ಪಣಿ

ಆರ್‌ಸಿ ಪ್ಲೇನ್ (ರಿಮೋಟ್‌ನಲ್ಲಿ ಹಾರಿಸೋ ಪುಟ್ಟ ವಿಮಾನ) ನೋಡ್ಕೊಳ್ಳೋ ಬಗ್ಗೆ ಸಿಗೋ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಒಣ ಊರಿನೋರು ಮಾಡಿದ್ದು, ಅದನ್ನ ಹಾಗೇ ಮಡಿಕೇರಿಲೋ ಭಾಗಮಂಡಲದಲ್ಲೋ ಫಾಲೋ ಮಾಡಿದ್ರೆ ಸಾಕಾಗಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲೇನ್ ಹಾರಿಸೋದೇ ಕಮ್ಮಿ, ಆದ್ರೆ ಅದು ಹಾಳಾಗೋದು ಆವಾಗ್ಲೇ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದು ಗದ್ದೆ ಕೊಯ್ಲಾದ್ಮೇಲೆ ಖುಷಿಯಿಂದ ಎತ್ಕೊಂಡು ಹೋಗಿ ಬೀಳಿಸ್ತಾರೆ, ಗಾಳಿ ಜಾಸ್ತಿ ಇತ್ತು ಅಂತಾರೆ, ಬಿಚ್ಚಿ ನೋಡಿದ್ರೆ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನ ಆಡಿಸೋ ಪುಟ್ಟ ಮೋಟಾರ್) ಪಿನ್ ಮೇಲೆ ಹಸಿರು ಕಿಲುಬು.

ಬ್ಯಾಟರಿ ಮೊದಲು ನೋಡೋಣ, ಯಾಕಂದ್ರೆ ದುಡ್ಡು ಹೋಗೋದೂ ಅಲ್ಲೇ ಬೆಂಕಿ ಹತ್ತೋದೂ ಅಲ್ಲೇ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಫುಲ್ ಆದಾಗ 4.2 ವೋಲ್ಟ್, 3 ವೋಲ್ಟ್‌ಗಿಂತ ಕೆಳಗೆ ಹೋದ್ರೆ ಸತ್ತ ಹಾಗೆ, ಇಡೋದಾದ್ರೆ ಪ್ರತಿ ಸೆಲ್ 3.8ರ ಹತ್ರ ಇರ್ಬೇಕು. ಮಳೆ ನಿಂತ್ರೆ ನಾಳೆ ಹಾರಿಸೋಣ ಅಂತ ಫುಲ್ ಚಾರ್ಜ್ ಮಾಡಿಟ್ಟು ಆ ನಾಳೆ ತಿಂಗಳುಗಟ್ಲೆ ಬರದೇ ಇರೋದು ನಮ್ಮೂರಲ್ಲಿ ಮಾಮೂಲಿ, ಪ್ಯಾಕ್ ಊದ್ಕೊಳ್ಳೋದಕ್ಕೆ ಅದೊಂದು ದೊಡ್ಡ ಕಾರಣ. ಚಾರ್ಜರ್‌ನಲ್ಲಿ ಸ್ಟೋರೇಜ್ ಮೋಡ್ ಇರುತ್ತೆ, ಅದಕ್ಕೆ ಹಾಕಿ ಬಿಡಿ. ಚಾರ್ಜಿಂಗ್ 1ಸಿ ದಾಟೋದು ಬೇಡ, ಅಂದ್ರೆ 2200 ಎಂಎಎಚ್ ಪ್ಯಾಕ್‌ಗೆ 2.2 ಆಂಪ್, ಯಾವಾಗ್ಲೂ ಬ್ಯಾಲೆನ್ಸ್ ವೈರ್ (ಎಲ್ಲಾ ಸೆಲ್ ಸಮನಾಗಿ ತುಂಬೋಕೆ ಇರೋ ಸಣ್ಣ ವೈರ್) ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರ್ಲಿ. ಊದಿದ ಪ್ಯಾಕನ್ನ ಚುಚ್ಚಿ ಗಾಳಿ ತೆಗೀತೀನಿ ಅನ್ನೋ ಸಾಹಸ ಬೇಡವೇ ಬೇಡ, ಇ-ವೇಸ್ಟ್‌ಗೆ ಕೊಡಿ. ಡಿಸೆಂಬರ್ ಬೆಳಿಗ್ಗೆ ಚಳೀಲಿ ಪ್ಯಾಕ್ ಸೋಮಾರಿ ಆಗುತ್ತೆ, ಇಂಟರ್ನಲ್ ರೆಸಿಸ್ಟೆನ್ಸ್ ಏರುತ್ತೆ, ಹಾರಿಸೋ ತನಕ ಜರ್ಕಿನ್ ಒಳಗಡೆ ಇಟ್ಕೊಳ್ಳಿ.

ಈಗ ಸರ್ವೋ. ಪ್ಲೇನ್ ಆಫ್ ಇರೋವಾಗ ಪುಶ್‌ರಾಡ್ (ಸರ್ವೋಯಿಂದ ಪಟ್ಟಿಗೆ ಹೋಗೋ ಕಡ್ಡಿ) ಬಿಚ್ಚಿ ಸರ್ವೋ ಆರ್ಮನ್ನ ಬೆರಳಲ್ಲಿ ಮೆಲ್ಲಗೆ, ತುಂಬಾ ಮೆಲ್ಲಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಒಂದೇ ಸಮ ಬಂದ್ರೆ ಸರಿ, ಒಂದೇ ಜಾಗದಲ್ಲಿ ಪ್ರತಿ ಸಲ ಟಕ್ ಅಂತ ಹಾರಿದ್ರೆ ಅಲ್ಲೊಂದು ಗೇರ್ ಹಲ್ಲು ಹೋಗಿದೆ. ಆಮೇಲೆ ಪವರ್ ಕೊಟ್ಟು ರಿಮೋಟ್‌ನ ಸ್ಟಿಕ್ಕನ್ನ ನಿಧಾನಕ್ಕೆ ತಳ್ಳಿ ನೋಡಿ, ಒಂದು ಕಡೆ ಮಾತ್ರ ನಡುಗ್ತಿದ್ರೆ ಒಳಗಿನ ಪೊಟೆನ್ಷಿಯೋಮೀಟರ್ (ಆರ್ಮ್ ಎಷ್ಟು ತಿರುಗಿದೆ ಅಂತ ಅಳೆಯೋ ಭಾಗ) ಸವೆದಿದೆ ಅಥವಾ ಕೊಳೆ ಕೂತಿದೆ, ಚಿಕ್ಕ ಪ್ಲಾಸ್ಟಿಕ್ ಗೇರ್ ಸರ್ವೋ ಆದ್ರೆ ರಿಪೇರಿಗೆ ಕೂರಬೇಡಿ, ಹೊಸದು ಹಾಕಿ. ಎಲ್ಲಾ ಸರ್ವೋನೂ ಒಟ್ಟಿಗೆ ನಡುಗಿದ್ರೆ ಕನೆಕ್ಟರ್ ಕಡೆ ನೋಡಿ, ಪಿನ್‌ಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಶ್ ಅದ್ದಿ ಉಜ್ಜಿ. ಸರ್ವೋ ಬದಲಾಯಿಸಿದ್ರೆ ಡೈರೆಕ್ಷನ್ ಚೆಕ್ ಮಾಡ್ಲೇಬೇಕು, ಸ್ಟಿಕ್ ಬಲಕ್ಕೆ ತಳ್ಳಿದ್ರೆ ಬಲಗಡೆ ಏಲರಾನ್ (ರೆಕ್ಕೆಯ ಹಿಂದಿನ ಅಂಚಲ್ಲಿ ಆಡೋ ಪಟ್ಟಿ) ಮೇಲೇಳ್ಬೇಕು. ಟೇಬಲ್ ಮೇಲೆ ಈ ಯಾವ ಟೆಸ್ಟ್ ಮಾಡೋವಾಗ್ಲೂ ಪ್ರೊಪೆಲ್ಲರ್ ಬಿಚ್ಚಿಟ್ಟಿರಿ, ಬೆರಳು ವಾಪಸ್ ಬರಲ್ಲ.

ಬಾಡಿ ವಿಷ್ಯ: ಬಾಲ್ಸಾ (ಪ್ಲೇನ್ ಮಾಡೋ ಹಗುರ ಮರ) ತೇವ ಹೀರುತ್ತೆ, ರೆಕ್ಕೆ ತಿರುಚ್ಕೊಳ್ಳುತ್ತೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ರೆಕ್ಕೆ ಅಂಚು ನೋಡಿದ್ರೆ ಗೊತ್ತಾಗುತ್ತೆ. ಕವರಿಂಗ್ ಫಿಲ್ಮ್ ಇದ್ರೆ ಉಲ್ಟಾ ಕಡೆ ಸ್ವಲ್ಪ ತಿರುಚಿ ಹಿಡಿದು ಇಸ್ತ್ರಿ ಪೆಟ್ಟಿಗೆ ಮೆಲ್ಲಗೆ ಆಡಿಸಿ, ಹಾಗೇ ಹಿಡ್ಕೊಂಡು ತಣ್ಣಗಾಗೋಕೆ ಬಿಡಿ. ಫೋಮ್‌ಗೆ ಆ ತೊಂದ್ರೆ ಇಲ್ಲ, ಆದ್ರೆ ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತೆ ಅಂತ ಇಟ್ರೆ ಸೊಟ್ಟ ಆಗುತ್ತೆ. ಥರ್ಮೋಕೋಲ್ ಪ್ಲೇನ್‌ಗೆ ಫೆವಿಕ್ವಿಕ್ ಥರದ್ದು ಹಾಕಿದ್ರೆ ಕರಗಿ ತೂತು, ಇಪಿಒ ಅನ್ನೋ ಗಟ್ಟಿ ಫೋಮ್‌ಗಾದ್ರೆ ನಡಿಯುತ್ತೆ. ಮುಚ್ಚಳ ಗಟ್ಟಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಎಲೆಕ್ಟ್ರಾನಿಕ್ಸ್ ಇಟ್ಬಿಡಿ, ಬಣ್ಣ ಬದಲಾಯ್ತು ಅಂದ್ರೆ ಜೆಲ್ ಬಿಸಿ ಮಾಡಿ ಮತ್ತೆ ಬಳಸ್ಬಹುದು.

ಪ್ರೊಪೆಲ್ಲರ್ ಅಂಚಲ್ಲಿ ಚೂರು ಒಡಕು ಕಂಡ್ರೂ ಬಿಸಾಕಿ. ಅಷ್ಟೇ.

ತೋಟದ ಪಕ್ಕ ಹಾರಿಸೋರಿಗೆ ಸಿಲ್ವರ್ ಓಕ್ ಮರ ತಪ್ಪಿದ್ದಲ್ಲ. ಪ್ಲೇನ್ ಸಿಕ್ಕಾಕ್ಕೊಂಡ ತಕ್ಷಣ ಥ್ರಾಟಲ್ ಪೂರ್ತಿ ಇಳಿಸಿ, ಪ್ರೊಪೆಲ್ಲರ್ ಕೊಂಬೆಗೆ ತಡೆದಿರೋವಾಗ ಮೋಟಾರ್‌ಗೆ ಪವರ್ ಹೋಗ್ತಿದ್ರೆ ಇಎಸ್‌ಸಿ (ಮೋಟಾರ್ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟ್) ಸುಡುತ್ತೆ. ಮೆಣಸು ಕೊಯ್ಯೋ ಏಣಿ ಸಿಗೋ ತನಕ ಒಂದು ರಾತ್ರಿ ಮರದಲ್ಲೇ ಉಳಿದ್ರೆ ಬ್ಯಾಟರಿಯ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದಿರ್ಬಹುದು, ಹಾಗಾಗಿದ್ರೆ ಅದನ್ನ ಮತ್ತೆ ಚಾರ್ಜ್‌ಗೆ ಹಾಕ್ಬೇಡಿ. ಗದ್ದೆ ನೀರಿಗೆ ಬಿದ್ರೆ ಮೊದಲು ಬ್ಯಾಟರಿ ಕೀಳಿ, ಕೆಸರನ್ನ ಒಳ್ಳೆ ನೀರಲ್ಲಿ ತೊಳೆದು ಆಮೇಲೆ ಆಲ್ಕೋಹಾಲ್ ಹಾಕಿ, ಫ್ಯಾನ್ ಕೆಳಗೆ ಒಂದೆರಡು ದಿನ ಒಣಗಿಸಿ. ಅಕ್ಕಿ ಡಬ್ಬಕ್ಕೆ ಹಾಕೋದ್ರಿಂದ ಪುಡಿ ಒಳಗೆ ಹೋಗೋದು ಬಿಟ್ರೆ ಏನೂ ಉಪಯೋಗ ಇಲ್ಲ.

ಇನ್ನೊಂದು, ಇಷ್ಟೆಲ್ಲಾ ಅಂಟು ಹಾಕಿದ್ಮೇಲೆ ಪ್ಲೇನ್ ತೂಕ ಮಾಡಿ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಗಾಳಿ ಕಡಲತೀರಕ್ಕಿಂತ ಹತ್ತು ಪರ್ಸೆಂಟ್‌ನಷ್ಟು ತೆಳು, ಅದೇ ಪ್ಲೇನ್ ಇಲ್ಲಿ ಸ್ವಲ್ಪ ಸ್ಪೀಡಾಗಿ ಇಳಿಯುತ್ತೆ, ಭಾರ ಸೇರಿದ್ರೆ ಇನ್ನೂ ಸ್ಪೀಡು. ಬಾಲದ ಕಡೆ ಅಂಟು ಜಾಸ್ತಿ ಆದ್ರೆ ಬ್ಯಾಲೆನ್ಸ್ ಪಾಯಿಂಟ್ ಹಿಂದಕ್ಕೆ ಹೋಗುತ್ತೆ, ಟ್ರೈನರ್ (ಕಲಿಯೋರ) ಪ್ಲೇನ್‌ಗೆ ಅದು ರೆಕ್ಕೆಯ ಮುಂದಿನ ಅಂಚಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೇ ಇರ್ಬೇಕು. ಬ್ಯಾಟರಿ ಮುಂದೆ ಸರಿಸಿ ಸರಿ ಮಾಡ್ಕೊಳ್ಳಿ, ಆಮೇಲೆ ರೇಂಜ್ ಟೆಸ್ಟ್ (ರಿಮೋಟ್ ಸಿಗ್ನಲ್ ದೂರಕ್ಕೆ ತಲುಪುತ್ತಾ ಅಂತ ನೋಡೋದು): ಒಬ್ರು ಪ್ಲೇನ್ ಹಿಂದಿನಿಂದ ಗಟ್ಟಿಯಾಗಿ ಹಿಡಿದು ನಿಲ್ಲಲಿ, ರಿಮೋಟ್ ಟೆಸ್ಟ್ ಮೋಡ್‌ಗೆ ಹಾಕಿ ಮೂವತ್ತು ಹೆಜ್ಜೆ ದೂರ ಹೋಗಿ ಸ್ಟಿಕ್ ಆಡಿಸಿ, ಮೋಟಾರ್ ಓಡಿಸಿಯೂ ಒಂದ್ಸಲ ನೋಡಿ.