ಫೋಟೊ ಕದ್ದರು ಅಂತ ದೂರು ಕೊಡುವ ಮುಂಚೆ

ಮಳೆಗಾಲ ಬಂತೆಂದರೆ ನಮ್ಮ ಶಿವಮೊಗ್ಗದ ಕಚೇರಿಗೆ ಈ ಥರದ ಕೇಸು ಜಾಸ್ತಿ. ಯಾರೋ ಒದ್ದೆಯಾಗಿ ನಿಂತು ಜೋಗದ ಫೋಟೊ ತೆಗೆದಿರುತ್ತಾರೆ. ಇನ್ಯಾರೋ ಅದನ್ನು ತಮ್ಮ ಹೋಂಸ್ಟೇ ಜಾಹೀರಾತಿಗೆ ಹಾಕಿಕೊಂಡಿರುತ್ತಾರೆ. "ಸರ್, ಸೀದಾ ಪೊಲೀಸ್ ಕಂಪ್ಲೇಂಟ್ ಕೊಡೋಣ" ಅಂತಲೇ ಮಾತು ಶುರು. ತಡೀರಿ ಅನ್ನುತ್ತೇನೆ. ಮೊದಲು ಫೋಟೊ ಅಲ್ಲಿಂದ ಇಳಿಯಬೇಕು ಅಲ್ವಾ?

ಜೋಗ ಯಾರಪ್ಪನ ಸ್ವತ್ತೂ ಅಲ್ಲ. ಅದೇ ಜಾಗದಲ್ಲಿ ನಿಂತು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಬೇರೆಯವರು ತೆಗೆದರೆ ನೀವು ಕೇಳುವಂತಿಲ್ಲ. ನೀವು ತೆಗೆದ ಫೋಟೊ ಮಾತ್ರ ನಿಮ್ಮದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ, ಪುರಾವೆ ಬೇಕು. ಒಬ್ಬ ಹುಡುಗನ ಫೋಟೊದಲ್ಲಿ ಮೂಲೆಯ ಹೆಸರನ್ನು ಕತ್ತರಿಸಿ ಹಾಕಿದ್ದರು. ಆದರೆ ಲೆನ್ಸ್ ಮೇಲೆ ಬಿದ್ದ ಮಳೆಹನಿಯ ಕಲೆ ಬಲಗಡೆ ಹಾಗೇ ಉಳಿದಿತ್ತು. ಅವನ ಕಾರ್ಡಿನಲ್ಲಿ ಅದರ ಹಿಂದಿನ, ಮುಂದಿನ ಫೋಟೊಗಳಲ್ಲೂ ಅದೇ ಕಲೆ, ಅದೇ ಜಾಗದಲ್ಲಿ! ಹಾಗಾಗಿ ಒರಿಜಿನಲ್ ಫೈಲ್ ಅಳಿಸಬೇಡಿ. ಫೋನ್ ಮಾಡಿ ಜಗಳ ಆಡುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್, ಪೂರ್ತಿ ಲಿಂಕ್ ಎರಡನ್ನೂ ಎತ್ತಿಟ್ಟುಕೊಳ್ಳಿ.

ಹೋಂಸ್ಟೇಯವರ ಸ್ವಂತ ವೆಬ್‌ಸೈಟ್ ಆದರೆ ಮೊದಲ ನೋಟಿಸ್ ಅವರಿಗೇ. ಬುಕಿಂಗ್ ತಾಣದಲ್ಲೋ ವಿಡಿಯೊ ತಾಣದಲ್ಲೋ ಇದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಲ್ಲಿ ಏನೇನು ಬರೆಯಬೇಕು ಅಂತ ಇದೆ: ಕೃತಿ ಯಾವುದು, ಅದು ನಿಮ್ಮದೇ ಅನ್ನಲು ಆಧಾರ ಏನು, ನಕಲು ಎಲ್ಲಿದೆ, ಅದು ಕಾನೂನು ಒಪ್ಪುವ ಬಳಕೆ ಯಾಕಲ್ಲ. ವಿಮರ್ಶೆಗೋ ಸುದ್ದಿಗೋ ನ್ಯಾಯವಾಗಿ ಬಳಸಿದ್ದರೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವರ ಪರ. ದೂರು ಸರಿಯಿದ್ದರೆ 36 ಗಂಟೆಯೊಳಗೆ ಅದು ಇಳಿಯಬೇಕು.

ಜನ ಓದದೇ ಬಿಡುವುದು ಆ ದೂರಿನ ಕೊನೆಯ ಸಾಲನ್ನು. 21 ದಿನದೊಳಗೆ ದಾವೆ ಹಾಕಿ ಕೋರ್ಟ್ ಆದೇಶ ತರುತ್ತೇನೆ ಅಂತ ನೀವೇ ಮುಚ್ಚಳಿಕೆ ಕೊಟ್ಟಿರುತ್ತೀರಿ. ಆದೇಶ ಬರದಿದ್ದರೆ ತಾಣದವರು ಫೋಟೊವನ್ನು ವಾಪಸ್ ಹಾಕಬಹುದು. ದಾವೆಗೆ ಬೆಂಗಳೂರಿಗೆ ಓಡಬೇಕಿಲ್ಲ. ಅದೇ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಕೋರ್ಟಿನಲ್ಲೇ ಹೂಡಬಹುದು.

ಈಗ ಹೋಂಸ್ಟೇಯವರ ಕಡೆ ಬರೋಣ. ಎಷ್ಟೋ ಸಲ ಕಳ್ಳ ಅನ್ನಿಸಿಕೊಂಡವರೇ ನಿಜವಾದ ಮಾಲೀಕರು. ದುಡ್ಡು ಕೊಟ್ಟು ಫೋಟೊ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, 17ನೇ ಸೆಕ್ಷನ್ ಪ್ರಕಾರ ಹಕ್ಕು ತೆಗೆಸಿದವರದು. ಕ್ಯಾಮೆರಾ ಹಿಡಿದವರದಲ್ಲ. ಮದುವೆ ಆಲ್ಬಮ್ಮಿಗೂ ಇದೇ ಮಾತು. ಸ್ಟುಡಿಯೊದವರು ಇದನ್ನು ಕೇಳಿ ಮುಖ ಸಿಂಡರಿಸುತ್ತಾರೆ. ಬೇಡವಾದರೆ ಹಕ್ಕು ಸ್ಟುಡಿಯೊದ್ದೇ ಅಂತ ಬಿಲ್ಲಿನಲ್ಲೇ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಲಿ. ಸುಳ್ಳು ಬೆದರಿಕೆ ಹಾಕಿದವರ ಮೇಲೆ 60ನೇ ಸೆಕ್ಷನ್ ಅಡಿ ಉಲ್ಟಾ ದಾವೆಯೂ ಆಗುತ್ತದೆ.

ಅಮೆರಿಕದ ಕಂಪನಿಯ ತಾಣವಾದರೆ ಸಾಮಾನ್ಯವಾಗಿ ಅಲ್ಲಿನ 1998ರ ಡಿಎಂಸಿಎ ಅನ್ನುವ ಡಿಜಿಟಲ್ ಕಾಪಿರೈಟ್ ಕಾನೂನಿನ ಫಾರಂ ಬರುತ್ತದೆ. ನಿಮ್ಮ ಫೋಟೊ ತಪ್ಪಾಗಿ ಇಳಿದಿದ್ದರೆ ಪ್ರತಿ-ನೋಟಿಸ್ ಕೊಡಬಹುದು. ಎದುರಿನವರು ದಾವೆ ಹಾಕದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಫೋಟೊ ವಾಪಸ್ ಬರಬೇಕು. ಆದರೆ ಆ ಫಾರಂನಲ್ಲಿ ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಪ್ಪಿಗೆ ಅಂತ ಒಂದು ಸಾಲು ಇರುತ್ತದೆ. ತೀರ್ಥಹಳ್ಳಿಯಲ್ಲಿ ಕೂತು ಸುಮ್ನೆ ಟಿಕ್ ಮಾಡುವ ಸಾಲಲ್ಲ ಅದು. ಅಲ್ಲಿಗೆ ಬಂದಾಗ ಕೈ ನಿಲ್ಲಿಸಿ, ವಕೀಲರಿಗೆ ಒಮ್ಮೆ ತೋರಿಸಿ.